ಶರಾವತಿಯ ಸೀಮೆಯಲ್ಲಿ ಚಿತ್ರಪಾಠ

ತೀರ್ಥಹಳ್ಳಿ ತಾಲ್ಲೂಕಿನ ಅಂಬುತೀರ್ಥದಲ್ಲಿ ಸಣ್ಣ ಒರತೆಯಾಗಿ ಹುಟ್ಟುವ ಶರಾವತಿಯು ಹೊಸನಗರದ ಸೀಮೆಯನ್ನು ಹಾದು, ಸಾಗರ ತಾಲ್ಲೂಕಿನ ಲಿಂಗನಮಕ್ಕಿಯಲ್ಲಿ ಕಡಲಿನಂತೆ ಹರಡಿ ನಿಂತು, ಮುಂದೆ ಜೋಗದ ಬಂಡೆಯ ಮೇಲಿಂದ 253 ಮೀಟರು ಆಳಕ್ಕೆ ಧುಮುಕುತ್ತದೆ. ಮೂರು ತಾಲ್ಲೂಕುಗಳನ್ನು ಒಂದೇ ನೂಲಿನಲ್ಲಿ ಪೋಣಿಸಿದ ಈ ದಾರಿಯಲ್ಲಿ ಸಾಗುವ ಪ್ರವಾಸಿಗನಿಗೆ ಕಾಡು, ಗದ್ದೆ, ಅಡಕೆ ತೋಟಗಳ ನಡುನಡುವೆ ಹೆಂಚು ಹೊದಿಸಿದ ಪುಟ್ಟ ಶಾಲೆಗಳು ಎದುರಾಗುತ್ತವೆ. ಹೊಳೆಯ ಮಗ್ಗುಲಲ್ಲೇ ಬೆಳೆಯುವ ಮಕ್ಕಳಿಗೆ ನದಿಯ ಪಾಠವನ್ನು ಹೇಳಿಕೊಡಬೇಕೆ ಎಂದು ಅವನಿಗೆ ಅನ್ನಿಸೀತು. ಆದರೆ ಮಗುವಿಗೆ ಗೊತ್ತಿರುವುದು ಮನೆಯ ಹಿಂದಿನ ತಿರುವಷ್ಟೇ. ಮೂಲದ ಬಳಿಯವನು ಜಲಾಶಯವನ್ನು ಕಂಡಿರಲಾರ. ಜಲಾಶಯದ ದಡದವನು ಮೂಲವನ್ನು ಕಂಡಿರಲಾರ.

ನದಿಯ ಪೂರ್ಣರೂಪವನ್ನು ತರಗತಿಗೆ ತಂದು ತೋರಿಸುವ ಶಕ್ತಿ ಇಂದು ಅಂತರಜಾಲದ ವಿಡಿಯೊಗಳಿಗೆ ಬಂದಿದೆ. ಯೂಟ್ಯೂಬಿನಲ್ಲಿ ಹುಡುಕಿದರೆ ಜಗತ್ತಿನ ಎಲ್ಲ ನದಿಗಳೂ ಹರಿಯುತ್ತವೆ. 2017ರಲ್ಲಿ ಆರಂಭವಾದ ‘ದೀಕ್ಷಾ’ ವ್ಯವಸ್ಥೆಯಂತೂ ಪಠ್ಯಪುಸ್ತಕಕ್ಕೇ ಬೆಸೆದುಕೊಂಡಿದೆ. ಪುಟದಲ್ಲಿ ಅಚ್ಚಾದ ಕ್ಯೂಆರ್ ಕೋಡಿಗೆ ಮೊಬೈಲನ್ನು ಹಿಡಿದರೆ ಪಾಠದ ಚಿತ್ರ ತೆರೆದುಕೊಳ್ಳುತ್ತದೆ. ಬೆಂಗಳೂರಿನಲ್ಲಿ ಅದು ಕ್ಷಣದ ಮಾತು, ಮಲೆನಾಡಿನಲ್ಲಿ ಹಾಗಲ್ಲ. ಇಲ್ಲಿನ ಮನೆಗಳು ಒಂದೊಂದು ಕಣಿವೆಗೆ ಒಂದೊಂದರಂತೆ ಚದುರಿವೆ. ಗೋಪುರದಿಂದ ಹೊರಟ ಅಲೆಗೆ ಗುಡ್ಡ ಅಡ್ಡ ನಿಂತರೆ ಅದರ ಮರೆಯ ಮನೆಗೆ ಸಿಗ್ನಲ್ ಇಲ್ಲ. ಮಳೆಗಾಲದಲ್ಲಿ ಮರವೊಂದು ತಂತಿಯ ಮೇಲೆ ಬಿದ್ದಿತೆಂದರೆ ಕರೆಂಟೂ ಇಲ್ಲ.

ಈ ಕೊರತೆಯ ನೋವು ಎಲ್ಲರಿಗೂ ತಟ್ಟಿದ್ದು 2020ರಲ್ಲಿ. ಕೊರೋನಾದಿಂದ ಶಾಲೆಗಳು ಮುಚ್ಚಿದಾಗ ಸರ್ಕಾರವು ದೂರದರ್ಶನದ ಚಂದನ ವಾಹಿನಿಯಲ್ಲಿ ‘ಸಂವೇದ’ ಪಾಠಗಳನ್ನು ಬಿತ್ತರಿಸಿತು. ‘ವಿದ್ಯಾಗಮ’ದ ಹೆಸರಿನಲ್ಲಿ ಉಪಾಧ್ಯಾಯರು ಊರೂರಿಗೆ ನಡೆದು ಕಲಿಸಿದರು. ಆನ್‌ಲೈನ್ ಪಾಠಕ್ಕಾಗಿ ಮಲೆನಾಡಿನ ಮಕ್ಕಳು ಕೊಡೆ ಹಿಡಿದು ಗುಡ್ಡವೇರಿ ಕುಳಿತರು. ‘ನೆಟ್‌ವರ್ಕ್ ಇಲ್ಲದಿದ್ದರೆ ಮತವೂ ಇಲ್ಲ’ ಎಂಬ ಕೂಗು ಹಳ್ಳಿಗಳಿಂದ ಎದ್ದಿತು. 1948ರ ಜೋಗದ ವಿದ್ಯುದಾಗಾರದಿಂದ ಮೊದಲುಗೊಂಡು ನಾಡಿಗೆಲ್ಲ ಬೆಳಕನ್ನು ಕಳುಹಿಸಿದ ಸೀಮೆಯಿದು ಎಂಬುದನ್ನು ನೆನೆದರೆ ಆ ಕೂಗಿನ ಹಿಂದಿನ ಸಂಕಟ ತಿಳಿಯುತ್ತದೆ.

ಆದುದರಿಂದ ಇಲ್ಲಿ ವಿಡಿಯೊವನ್ನು ಪಾಠಕ್ಕೆ ಬಳಸುವ ಉಪಾಧ್ಯಾಯನ ಕೆಲಸ ಹಿಂದಿನ ದಿನವೇ ಮೊದಲಾಗಬೇಕು. ಪೇಟೆಗೆ ಹೋದಾಗ ಸಿಗ್ನಲ್ ಸಿಕ್ಕೆಡೆ ನಿಂತು ಚಿತ್ರವನ್ನು ಮೊಬೈಲಿಗೆ ಇಳಿಸಿಕೊಳ್ಳಬೇಕು. ಮೊದಲು ತಾನು ನೋಡಿ, ತರಗತಿಗೆ ಬೇಕಾದ ನಾಲ್ಕೈದು ನಿಮಿಷಗಳನ್ನು ಆರಿಸಬೇಕು. ತೋರಿಸುವಾಗಲೂ ಓಡುವ ಚಿತ್ರವನ್ನು ತಕ್ಕಲ್ಲಿ ನಿಲ್ಲಿಸಬಲ್ಲವನೇ ಜಾಣ. ಅಣೆಕಟ್ಟಿನ ದೃಶ್ಯದಲ್ಲಿ ತಡೆದು, “ಈ ನೀರಿನ ಅಡಿಯಲ್ಲಿ ಮೊದಲು ಏನಿತ್ತು?” ಎಂದು ಕೇಳಿದರೆ, ಸಾಗರ–ಹೊಸನಗರದ ತರಗತಿಯಲ್ಲಿ “ನಮ್ಮ ಅಜ್ಜನ ಮನೆ” ಎಂದು ಯಾವುದಾದರೂ ಮಗು ಹೇಳೀತು. 1964ರಲ್ಲಿ ಲಿಂಗನಮಕ್ಕಿ ಕಟ್ಟೆ ಎದ್ದಾಗ ಈ ತಾಲ್ಲೂಕುಗಳ ಎಷ್ಟೋ ಊರುಗಳು ಮುಳುಗಿದವು. ಜನ ದೇವರ ಪೆಟ್ಟಿಗೆಯನ್ನೂ ದನಕರುಗಳನ್ನೂ ಕಟ್ಟಿಕೊಂಡು ಬೇರೆಡೆಗೆ ಹೋದರು. ಕಟ್ಟೆಯ ಎತ್ತರವನ್ನು ವಿಡಿಯೊ ಹೇಳುತ್ತದೆ; ಆ ಮನೆಯ ಸುದ್ದಿಯನ್ನು ಮಗುವೇ ಹೇಳಬೇಕು, ಹೇಳಿಸುವ ಮೇಷ್ಟ್ರು ಇರಬೇಕು.

ನೋಡಿದ್ದನ್ನು ಕುರಿತು ಮಾತನಾಡುವ ಪಾಠ ಈ ನೆಲಕ್ಕೆ ಹೊಸತೇನಲ್ಲ. ಸಾಗರದ ಬಳಿಯ ಹೆಗ್ಗೋಡಿನಲ್ಲಿ 1949ರಲ್ಲಿ ಹುಟ್ಟಿದ ನೀನಾಸಂ, 1973ರಲ್ಲಿ ಚಿತ್ರಸಮಾಜವನ್ನು ಕಟ್ಟಿ ಜಗತ್ತಿನ ಶ್ರೇಷ್ಠ ಚಿತ್ರಗಳನ್ನು ಹಳ್ಳಿಗರ ಮುಂದಿಟ್ಟಿತು. 1991ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಪಡೆದ ಕೆ. ವಿ. ಸುಬ್ಬಣ್ಣನವರ ಆ ಊರಿನಲ್ಲಿ ಚಿತ್ರ ಮುಗಿದೊಡನೆ ಎದ್ದು ಹೋಗದೆ ಕುಳಿತು ಚರ್ಚಿಸುವುದು ರೂಢಿಯಾಯಿತು. ಅಂದು ಚಿತ್ರದ ಸುರುಳಿಗಳು ಊರಿಗೆ ಬರಬೇಕಿತ್ತು. ಇಂದು ಅದೇ ಭಾಗ್ಯ ಮೇಷ್ಟ್ರ ಜೇಬಿನಲ್ಲಿದೆ.

2025ರ ಜುಲೈಯಲ್ಲಿ ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ ತೆರೆದು, ಲಾಂಚನ್ನೇ ನಂಬಿದ್ದ ತುಮರಿಯ ಕಡೆಯವರಿಗೆ ಸಾಗರ ಹತ್ತಿರವಾಯಿತು. ದಡದ ಮಕ್ಕಳಿಗೆ ಜೋಗವೂ ಈಗ ದೂರವಲ್ಲ. ತರಗತಿಯ ಗೋಡೆಯ ಮೇಲೆ ನದಿಯನ್ನು ಕಂಡ ಮಕ್ಕಳನ್ನು ಒಂದು ದಿನ ಬಸ್ಸು ಹತ್ತಿಸಿ ಅದೇ ನದಿಯ ಬಳಿಗೆ ಕರೆದೊಯ್ದಾಗಲೇ ಆ ಪಾಠ ಪೂರ್ಣವಾದಂತೆ.