ಬಾವಿ ದಾರಿ ಕಾಣಬೇಕಲ್ಲ

ನಮ್ಮ ಆಫೀಸಿನ ಡಿಸೈನ್ ಡಾಕ್ಯುಮೆಂಟುಗಳಲ್ಲಿ ಚಿತ್ರಗಳನ್ನು ಯಾರೂ ಸರಿಯಾಗಿ ನೋಡಲ್ಲ. ಬಾಕ್ಸು, ಬಾಣ, ಮತ್ತೆ ಬಾಕ್ಸು. ಅಕ್ಷರ ಇರುವೆಯಷ್ಟಿದ್ದರೂ ರಿವ್ಯೂನಲ್ಲಿ ಪಾಸು. ಆದರೆ ಹೋದ ಬೇಸಿಗೆಯಲ್ಲಿ ವಿಸಿಯೋದಲ್ಲಿ ನಾನು ಬರೆದದ್ದು ನಮ್ಮ ಅಡಿಕೆ ತೋಟದ ಪಾಲಿನ ನಕ್ಷೆ. ಅದನ್ನು ಓದಬೇಕಾದವರು ಎಪ್ಪತ್ತು ದಾಟಿದ ದೊಡ್ಡಪ್ಪ.

ಸರ್ವೆಯವರು ಬರೋದು ಆಮೇಲೆ, ಮೊದಲು ಮನೆಯೊಳಗೆ ಒಪ್ಪಿಗೆ ಆಗಬೇಕಲ್ಲ. "ಎಲ್ಲಾ ಒಂದೇ ಕಾಗದದಲ್ಲಿ ಬರಲಿ ಮಾರಾಯ, ಮೇಲೆ ಬರಹ, ಕೆಳಗೆ ನಕ್ಷೆ" ಅಂದಿದ್ದರು ಅಪ್ಪ. ತಕರಾರು ಇದ್ದದ್ದು ಒಂದಕ್ಕೇ: ದೊಡ್ಡಪ್ಪನ ಪಾಲಿನಿಂದ ಬಾವಿಗೆ ಹೋಗೋ ಆರಡಿ ದಾರಿ.

ಲೆಕ್ಕ ನೋಡಿ. ಎ4 ಹಾಳೆ 21 ಸೆಂ.ಮೀ. ಅಗಲ. ಎರಡೂ ಕಡೆ 2.54ರ ಮಾರ್ಜಿನ್ ಕಳೆದರೆ ಉಳಿಯೋದು 15.92. ವಿಸಿಯೋದಲ್ಲಿ ಆರಾಮಾಗಿ 24 ಸೆಂ.ಮೀ. ಅಗಲಕ್ಕೆ ಬರೆದ ಚಿತ್ರ ಇಷ್ಟರಲ್ಲಿ ಕೂರಬೇಕಾದರೆ 10 ಪಾಯಿಂಟಿನ ಅಕ್ಷರ 6.6ಕ್ಕೆ ಇಳಿಯುತ್ತೆ. ‘ದಾರಿ 6 ಅಡಿ’ ಅನ್ನೋದು ದೊಡ್ಡಪ್ಪನ ಕನ್ನಡಕಕ್ಕೆ ಸಿಗದಿದ್ದರೆ, ಬೇಕಂತಲೇ ಸಣ್ಣದು ಮಾಡಿದ್ದಾರೆ ಅಂತ ಊರೆಲ್ಲ ಸುದ್ದಿ. ಹಾಗಾಗಿ ಚಿತ್ರವನ್ನೇ 15.9ರೊಳಗೆ, 12 ಪಾಯಿಂಟಿನಲ್ಲಿ ಬರೆದೆ. ಸುತ್ತಲಿನ ಬಿಳಿ ಜಾಗ ತೆಗೆಯೋಕೆ ಡಿಸೈನ್ ಟ್ಯಾಬಿನ ಸೈಜ್ ಒಳಗೆ ‘ಫಿಟ್ ಟು ಡ್ರಾಯಿಂಗ್’ ಇದೆ. ವರ್ಡ್‌ಗೆ ಬಂದಮೇಲೆ ‘ಇನ್ ಲೈನ್ ವಿತ್ ಟೆಕ್ಸ್ಟ್’. ಇಲ್ಲದಿದ್ದರೆ ಮೇಲೆ ಎರಡು ಸಾಲು ಸೇರಿಸುವಷ್ಟರಲ್ಲಿ ಚಿತ್ರ ಹಗ್ಗ ಬಿಚ್ಚಿದ ಕರುವಿನ ಹಾಗೆ ಎಲ್ಲೋ ಹೋಗಿರುತ್ತೆ. (ಲೈನ್ ಸ್ಪೇಸಿಂಗ್ ‘ಎಕ್ಸಾಕ್ಟ್ಲಿ’ ಅಂತಿದ್ದರೆ ಚಿತ್ರದ ಒಂದು ಸೀಳು ಮಾತ್ರ ಕಾಣೋದು. ಗಾಬರಿ ಬೇಡ, ‘ಸಿಂಗಲ್’ ಮಾಡಿ.)

ನಿಜವಾದ ತಲೆನೋವು ಬೇರೆ. ಅದೇ ಫೈಲಿನ ಎರಡನೇ ಪುಟದಲ್ಲಿ ಅಪ್ಪ ಮೊದಲು ಹೇಳಿ ಬರೆಸಿದ್ದ ನಕ್ಷೆ ಇತ್ತು. ಅದರಲ್ಲಿ ದಾರಿಯೇ ಇರಲಿಲ್ಲ. ಇಡೀ ಫೈಲನ್ನು ಆಬ್ಜೆಕ್ಟ್ ಅಂತ ಸೇರಿಸಿದರೆ ಹಾಳೆ ಮೇಲೆ ಕಾಣೋದು ಒಂದು ಪುಟ, ಜೊತೆಗೆ ಹೋಗೋದು ಎಲ್ಲಾ ಪುಟ. ದೊಡ್ಡಪ್ಪನ ಮಗನೂ ಬೆಂಗಳೂರಲ್ಲಿ ಸಾಫ್ಟ್‌ವೇರು. ಡಬಲ್ ಕ್ಲಿಕ್ ಮಾಡು ಅಂತ ಅವನಿಗೆ ಯಾರೂ ಹೇಳಿಕೊಡಬೇಕಿಲ್ಲ. ಬೇಕಾದ ನಕ್ಷೆಯನ್ನಷ್ಟೇ ಕಾಪಿ ಮಾಡಿ, ಪೇಸ್ಟ್ ಸ್ಪೆಷಲ್‌ನಲ್ಲಿ ‘ಎನ್‌ಹಾನ್ಸ್ಡ್ ಮೆಟಾಫೈಲ್’ ಆರಿಸಿದೆ. ಗೆರೆ ಚೊಕ್ಕವಾಗಿ ಉಳಿಯುತ್ತೆ, ಹಿಂದೆ ಬೇರೆ ಪುಟ ಇರಲ್ಲ.

ಅಪ್ಪನಿಗೆ ಇದನ್ನೆಲ್ಲ ಹೇಳಲಿಲ್ಲ. ಎರಡು ಪ್ರತಿ ಪ್ರಿಂಟ್ ತೆಗೆದು ಊರಿಗೆ ಕಳಿಸಿದೆ. ದೊಡ್ಡಪ್ಪ ದಾರಿಯನ್ನೆಲ್ಲ ಓದಿ ಸರಿ ಅಂದು, "ಗಡಿಯಲ್ಲಿ ಹಲಸಿನ ಮರ ಇದೆಯಲ್ಲ, ಅದೆಲ್ಲಿ?" ಅಂತ ಕೇಳಿದರಂತೆ. ಅದು ಯಾರ ಪಾಲಿಗೆ ಅಂತ ಇನ್ನೂ ಮಾತು ನಡೀತಾ ಇದೆ. ಸದ್ಯಕ್ಕೆ ಮರವನ್ನು ಗೆರೆಯ ಮೇಲೇ ಇಟ್ಟಿದ್ದೇನೆ.