ಮಂಡ್ಯ ಬಂತಾ?

ಬೆಂಗಳೂರು–ಮೈಸೂರು ರಸ್ತೆಗೆ ದಶಪಥ ಎನ್ನುವಾಗ ಬಾಯಿ ತುಂಬುತ್ತದೆ, ಅಯೋಧ್ಯೆಯ ಕಡೆಯ ಯಾವನೋ ದೊರೆಯ ಹೆಸರಿನ ಹಾಗೆ. ಎಣಿಸಿ ನೋಡಿದರೆ ನಡುವಿನವು ಆರು, ಎಡಕ್ಕೆರಡು ಬಲಕ್ಕೆರಡು ಸರ್ವಿಸ್ ರಸ್ತೆ. ಆ ಆರು ಬೆಂಗಳೂರಿನವರಿಗೆ, ಮೈಸೂರಿನವರಿಗೆ. ಉಳಿದ ನಾಲ್ಕು, ನಡುವೆ ಹುಟ್ಟಿದ ತಪ್ಪಿಗೆ, ನಮಗೆ. ನಾನು ಮಂಡ್ಯದ ಕಡೆಯವನು.

2023ರ ಮಾರ್ಚ್ 12ರಂದು ಪ್ರಧಾನಿಯವರು ಗೆಜ್ಜಲಗೆರೆಗೆ ಬಂದು ಉದ್ಘಾಟಿಸಿದರು. ಸುಮಾರು 8,480 ಕೋಟಿ ರೂಪಾಯಿಯ ಕೆಲಸ. ಮೂರು ಗಂಟೆಯ ಪ್ರಯಾಣ ಒಂದೂವರೆಗೆ ಇಳಿಯಿತು. ಇದು ಸುಳ್ಳಲ್ಲ, ಅಂಬ್ಯುಲೆನ್ಸಿನಲ್ಲಿ ಮಲಗಿ ಹೋದವರನ್ನು ಕೇಳಿದರೆ ಈ ರಸ್ತೆಯನ್ನು ಯಾರೂ ಬೈಯಲಾರರು. ವಾರ ತುಂಬುವ ಮೊದಲೇ ಒಂದು ಮಳೆಗೆ ರಾಮನಗರದ ಹತ್ತಿರದ ಅಂಡರ್‌ಪಾಸಿನಲ್ಲಿ ಕಾರುಗಳು ಮುಳುಗಿದ್ದನ್ನು ಟಿವಿಯಲ್ಲಿ ನೋಡಿದೆವು. ಅದಿರಲಿ, ಮಳೆಗೆ ಉದ್ಘಾಟನೆಯ ದಿನ ಗೊತ್ತಿರುವುದಿಲ್ಲ.

ಈ ರಸ್ತೆ ಹಿಂದೊಮ್ಮೆ ನಾಲ್ಕು ಪಥವಾದಾಗ ಮರಗಳು ಹೋದವು. ಈ ಸಲ ಊರುಗಳೇ ಹೋದವು. ಬಿಡದಿ, ರಾಮನಗರ, ಚನ್ನಪಟ್ಟಣ, ಮದ್ದೂರು, ಮಂಡ್ಯ, ಶ್ರೀರಂಗಪಟ್ಟಣ, ಎಲ್ಲಕ್ಕೂ ಬೈಪಾಸು. ಮೊದಲು ಬಸ್ಸಿನಲ್ಲಿ ತೂಕಡಿಸುತ್ತಿದ್ದವನೂ ಮೂಗಿನಿಂದಲೇ ಊರು ಹೇಳುತ್ತಿದ್ದ. ಹಬೆಯಾಡುವ ತಟ್ಟೆ ಇಡ್ಲಿ ಎಂದರೆ ಬಿಡದಿ. ಹಸಿ ರೇಷ್ಮೆಗೂಡಿನ ಕಮಟು ರಾಮನಗರ. ಕರಿದ ಈರುಳ್ಳಿ ಮದ್ದೂರು. ಬಿಸಿ ಬೆಲ್ಲದ ಘಮಲು ಬಂತೆಂದರೆ ಎಲ್ಲೋ ಆಲೆಮನೆಯಿದೆ, ಇನ್ನು ಮಂಡ್ಯ ಎಂದು ಚೀಲ ಇಳಿಸಿಕೊಳ್ಳಬಹುದು. ಚನ್ನಪಟ್ಟಣಕ್ಕೆ ವಾಸನೆ ಬೇಡವಾಗಿತ್ತು. ಕಿಟಕಿಯಾಚೆ ಬಣ್ಣದ ಮರಗುದುರೆ ಕಂಡ ಮಗುವಿನ ಅಳುವೇ ಸಾಕು. ಈಗ ಗಾಜು ಏರಿಸಿದ ಕಾರು, ಎರಡೂ ಕಡೆ ಬೇಲಿ. ಹಿಂದಿನ ಸೀಟಿನಲ್ಲಿ ಕಣ್ಣು ಬಿಟ್ಟವರು ‘ಮಂಡ್ಯ ಬಂತಾ?’ ಎಂದರೆ ಉತ್ತರ ಒಂದೇ: ‘ಹೋಯ್ತು.’

ಮದ್ದೂರು ವಡೆ ಹುಟ್ಟಿದ್ದು ರೈಲ್ವೆ ನಿಲ್ದಾಣದಲ್ಲಿ. ರೈಲು ಪುಣ್ಯಕ್ಕೆ ಇನ್ನೂ ಯಾರನ್ನೂ ಬೈಪಾಸ್ ಮಾಡಿಲ್ಲ.

ಆದರೆ ಬೈಪಾಸಿನಿಂದ ನಿಜವಾದ ಉಪಕಾರವಾದದ್ದು ನೆಂಟಸ್ತಿಕೆ ತಪ್ಪಿಸಿಕೊಳ್ಳುವವರಿಗೆ. ಹಿಂದೆ ಮೈಸೂರಿಗೆ ಹೋಗುವವನು ಮಂಡ್ಯದ ಅತ್ತೆಯ ಮನೆಗೆ ಇಣುಕದೆ ದಾಟಿದ ಎಂದರೆ ಸುದ್ದಿ ಅವನಿಗಿಂತ ಮೊದಲು ಮೈಸೂರು ಸೇರುತ್ತಿತ್ತು. ಸಿಗ್ನಲ್ಲಿನಲ್ಲಿ ನಿಂತಾಗ ಯಾರಾದರೂ ನೋಡದೆ ಬಿಡುತ್ತಿರಲಿಲ್ಲ. ಈಗ ‘ಎಕ್ಸಿಟ್ ತಪ್ಪಿಹೋಯ್ತು ಅತ್ತೆ, ಹಿಂದಕ್ಕೆ ತಿರುಗಿಸೋಕೆ ಬಿಡಲ್ಲ’ ಎಂದರೆ ಮುಗಿಯಿತು. ಅತ್ತೆಯೂ ನಂಬುತ್ತಾರೆ, ಅಥವಾ ನಂಬಿದಂತೆ ಮಾಡುತ್ತಾರೆ. ಒಬ್ಬಟ್ಟಿನ ಹೂರಣ ರುಬ್ಬುವ ಕೆಲಸ ಅವರಿಗೂ ತಪ್ಪಿತಲ್ಲ!

ಸರ್ವಿಸ್ ರಸ್ತೆಯವರ ಕಷ್ಟ ಇಷ್ಟು ಹಗುರಲ್ಲ. 2023ರ ಆಗಸ್ಟ್ 1ರಿಂದ ಬೈಕು, ಆಟೋ, ಟ್ರ್ಯಾಕ್ಟರುಗಳಿಗೆ ನಡುವಿನ ಆರು ಪಥಗಳಲ್ಲಿ ಪ್ರವೇಶವಿಲ್ಲ. ನಿಯಮವನ್ನು ತಪ್ಪೆನ್ನಲಾರೆ, ನೂರರ ವೇಗದ ಕಾರಿನ ಪಕ್ಕದಲ್ಲಿ ಹಾಲಿನ ಕ್ಯಾನು ಕಟ್ಟಿಕೊಂಡ ಮೊಪೆಡ್ಡು ಬದುಕುವುದಿಲ್ಲ. ಆದರೆ ರಸ್ತೆ ಮಾಡುವಾಗ ಜಮೀನು ಈಚೆ, ಮನೆ ಆಚೆ ಆದವನ ಲೆಕ್ಕ ಯಾರು ಹಾಕಬೇಕಿತ್ತು? ನಮ್ಮ ಕಡೆಯ ರೈತರೊಬ್ಬರು ಬೇಲಿಗೆ ಕೈಯಿಟ್ಟು ತೋರಿಸಿದರು: ‘ಅಗೋ, ನಮ್ ಗದ್ದೆ. ಕಾಣುಸ್ತದೆ ಕಣಣ್ಣ, ಹೋಗಕ್ಕಾಗಕಿಲ್ಲ.’ ಹೋಗಬೇಕೆಂದರೆ ಅಂಡರ್‌ಪಾಸಿನವರೆಗೆ ನಡೆದು, ಅದರಡಿ ನುಸುಳಿ, ಮತ್ತೆ ಅಷ್ಟೇ ದೂರ ವಾಪಸು ನಡೆಯಬೇಕು. ಎಮ್ಮೆಗೆ ಇದನ್ನು ತಿಳಿಸಿ ಹೇಳುವುದು ಕಷ್ಟ. ಸುತ್ತುವುದು ಬೇಡವೆಂದು ಬೇಲಿ ದಾಟಿದವರಲ್ಲಿ ಕೆಲವರು ಮನೆ ಮುಟ್ಟಲಿಲ್ಲ.

ಇನ್ನು ಉಳಿಸಿದ ಆ ಒಂದೂವರೆ ಗಂಟೆ. ಅದನ್ನು ಎಲ್ಲಿಡುತ್ತೇವೆ? ಭಾನುವಾರ ಸಂಜೆ ಕೆಂಗೇರಿಯಲ್ಲಿ ನೋಡಿ. ಆರು ಪಥಗಳಲ್ಲಿ ಹಾರಿ ಬಂದವರೆಲ್ಲ ಅಲ್ಲಿ ಒಬ್ಬರ ಬಾಲ ಇನ್ನೊಬ್ಬರು ಹಿಡಿದು, ನಾಯಂಡಹಳ್ಳಿಯವರೆಗೆ ತೆವಳುತ್ತ, ಉಳಿತಾಯವನ್ನು ಹಿಂದಿರುಗಿಸುತ್ತಿರುತ್ತಾರೆ. ಅಮೆರಿಕದ ಹ್ಯೂಸ್ಟನ್ನಿನಲ್ಲಿ ಕೇಟಿ ಫ್ರೀವೇ ಎಂಬುದನ್ನು 2008ರ ಹೊತ್ತಿಗೆ ಕೆಲವೆಡೆ 26 ಪಥಕ್ಕೆ ಹಿಗ್ಗಿಸಿದರು. ನಮ್ಮಂತೆ ಅವರೂ ಸರ್ವಿಸ್ ರಸ್ತೆ ಸೇರಿಸಿಯೇ ಎಣಿಸಿದ್ದು! ಕೆಲವೇ ವರ್ಷಗಳಲ್ಲಿ ಸಂಜೆಯ ಪ್ರಯಾಣ ಮತ್ತೆ ಉದ್ದವಾಗುತ್ತ ಹೋಯಿತು. ರಸ್ತೆ ಅಗಲವಾಯಿತೆಂದು ಗೊತ್ತಾದರೆ ಮನೆಯಲ್ಲಿ ಸುಮ್ಮನೆ ಕೂತಿದ್ದವನಿಗೂ ಮೈಸೂರಿನಲ್ಲೊಂದು ಕೆಲಸ ನೆನಪಾಗುತ್ತದೆ. ಬೆಳಿಗ್ಗೆ ಹೋಗಿ ಮಸಾಲೆ ದೋಸೆ ತಿಂದು ಮಧ್ಯಾಹ್ನಕ್ಕೆ ವಾಪಸು ಬರುವವರನ್ನು ನಾನು ಬಲ್ಲೆ. ದೋಸೆಗಿಂತ ಟೋಲೇ ದುಬಾರಿ.

ಊರುಗಳ ಒಳಗಿನ ಹಳೇ ರಸ್ತೆ ಎಲ್ಲೂ ಹೋಗಿಲ್ಲ. ಅಂಗಡಿಗಳಲ್ಲಿ ಗಿರಾಕಿ ಕಡಿಮೆ, ಆದ್ದರಿಂದ ಮಾತು ಹೆಚ್ಚು. ಅವಸರವಿಲ್ಲದ ದಿನ ಅಲ್ಲಿಂದ ಬನ್ನಿ. ಮಂಡ್ಯದಲ್ಲಿ ನೆಂಟರಿದ್ದರೆ ಮಾತ್ರ ಮುಂಚಿತವಾಗಿ ಒಂದು ಫೋನು ಮಾಡಿ: ನೀವು ಬರುತ್ತೀರೆಂದು ಒಂದು ಪಾವು ಅಕ್ಕಿ ಹೆಚ್ಚಿಗೆ ಹಾಕುವ ಅಭ್ಯಾಸ ಅವರಿಗೀಗ ತಪ್ಪಿಹೋಗಿದೆ.