ನೀರಿನಿಂದ ಓಡುವ ಕಾರಿನ ಲೆಕ್ಕ

ನೀರಿನಿಂದ ಕಾರು ಓಡುತ್ತದೆ ಎಂಬ ಸುದ್ದಿ ಹೊಸದಲ್ಲ. ಪೆಟ್ರೋಲ್ ಬೆಲೆ ಏರಿದಾಗಲೆಲ್ಲ ಅದಕ್ಕೆ ರೆಕ್ಕೆ ಮೂಡುತ್ತದೆ. 1996ರಲ್ಲಿ ತಮಿಳುನಾಡಿನ ರಾಮರ್ ಪಿಳ್ಳೈ ನೀರಿಗೆ ಗಿಡಮೂಲಿಕೆ ಹಾಕಿ ಪೆಟ್ರೋಲ್ ಮಾಡುತ್ತೇನೆಂದು ದೇಶವನ್ನೇ ಬೆರಗುಗೊಳಿಸಿದ್ದರು. 2016ರಲ್ಲಿ ಚೆನ್ನೈಯ ನ್ಯಾಯಾಲಯ ಅವರಿಗೆ ಶಿಕ್ಷೆ ವಿಧಿಸಿತು. ಅದೇ 1996ರಲ್ಲಿ, ನೀರಿನಿಂದ ವಾಹನ ಓಡಿಸುತ್ತೇನೆಂದ ಸ್ಟ್ಯಾನ್ಲಿ ಮೇಯರ್ ಮಾಡಿದ್ದು ವಂಚನೆ, ಹಣ ಹೂಡಿದವರಿಗೆ ಅದನ್ನು ಹಿಂದಿರುಗಿಸಬೇಕು ಎಂದು ಅಮೆರಿಕದ ಓಹಿಯೋ ರಾಜ್ಯದ ನ್ಯಾಯಾಲಯ ತೀರ್ಪಿತ್ತಿತು. 2012ರಲ್ಲಿ ಪಾಕಿಸ್ತಾನದ ಆಘಾ ವಕಾರ್ ಅಹ್ಮದ್ ಟಿ.ವಿ.ಯಲ್ಲಿ ನೀರಿನ ಕಾರು ತೋರಿಸಿದಾಗ ಮಂತ್ರಿಗಳೂ ತಲೆದೂಗಿದರು. ಭೌತವಿಜ್ಞಾನಿ ಪರ್ವೇಜ್ ಹೂದ್‌ಭೋಯ್ ಅವರಂಥವರು ಇದು ಸಾಧ್ಯವೇ ಇಲ್ಲವೆಂದು ಬರೆಯಬೇಕಾಯಿತು.

ಆದರೆ ಈ ಯಂತ್ರವನ್ನು ಕಟ್ಟುವವರೆಲ್ಲ ವಂಚಕರಲ್ಲ. ಪ್ರಾಮಾಣಿಕವಾಗಿ ನಂಬಿ ಕಟ್ಟುವವರೂ ಇದ್ದಾರೆ. ನನ್ನ ಅಕ್ಕನ ಮಗ ಅಂಥವರಲ್ಲಿ ಒಬ್ಬ. ಪುತ್ತೂರಿನಲ್ಲಿ ಓಮ್ನಿ ಬಾಡಿಗೆಗೆ ಓಡಿಸುತ್ತಿದ್ದ. 2012ರ ಮೇ ತಿಂಗಳಲ್ಲಿ ಪೆಟ್ರೋಲ್ ಬೆಲೆ ಒಂದೇ ಏಟಿಗೆ ಲೀಟರಿಗೆ ಸುಮಾರು ಏಳೂವರೆ ರೂಪಾಯಿ ಏರಿದಾಗ ಅವನ ಬಾಡಿಗೆಯ ಲಾಭವೆಲ್ಲ ಪಂಪಿನಲ್ಲೇ ಮುಗಿಯತೊಡಗಿತು. ಯಾರದೋ ವೀಡಿಯೋ ನೋಡಿ, ಉಪ್ಪಿನಕಾಯಿ ಭರಣಿಯಷ್ಟು ದೊಡ್ಡ ಪ್ಲಾಸ್ಟಿಕ್ ಡಬ್ಬಿಯಲ್ಲಿ ಸ್ಟೀಲ್ ತಗಡು ಜೋಡಿಸಿ, ಬ್ಯಾಟರಿಯಿಂದ ವಯರ್ ಎಳೆದು ಹೈಡ್ರೋಜನ್ ಯಂತ್ರ ಮಾಡಿದ. ಕಾರಿನ ಕರೆಂಟಿನಿಂದ ನೀರನ್ನು ಒಡೆಯುವುದು, ಹುಟ್ಟಿದ ಹೈಡ್ರೋಜನ್ ಮತ್ತು ಆಮ್ಲಜನಕವನ್ನು ಗಾಳಿಯ ಜೊತೆ ಎಂಜಿನ್‌ಗೆ ಕುಡಿಸುವುದು, ಪೆಟ್ರೋಲ್ ಉಳಿಸುವುದು. ಇಷ್ಟೇ ಯೋಜನೆ. ನಾನು ಐಟಿಐಯಲ್ಲಿ ಎಲೆಕ್ಟ್ರಿಕಲ್ ಕಲಿಸಿ ನಿವೃತ್ತನಾದವನು. ಆದ್ದರಿಂದ ಯಂತ್ರ ಹಟ ಹಿಡಿದಾಗ ನನ್ನ ಬಳಿಗೆ ತಂದ.

"ಮಾಮಾ, ಗ್ಯಾಸ್ ಬರ್ತಾ ಉಂಟು. ಆದ್ರೆ ಫ್ಯೂಸ್ ನಿಲ್ಲುವುದಿಲ್ಲ" ಎಂದ.

ಡಬ್ಬಿಯ ಮುಚ್ಚಳ ತೆಗೆದರೆ ನೀರು ಚಹಾದ ಗಸಿಯಂತೆ ಕಂದಾಗಿತ್ತು. ನೀರಿನಲ್ಲಿ ಕರೆಂಟ್ ಹರಿಯಲೆಂದು ಅಡುಗೆ ಸೋಡಾ ಹಾಕಿದ್ದ. ಹಾಗೆ ಮಾಡಿದರೆ ಬರುವ ಗುಳ್ಳೆಗಳಲ್ಲಿ ಒಂದು ಪಾಲು ಉರಿಯದ ಇಂಗಾಲದ ಡೈಆಕ್ಸೈಡ್. ಪಾತ್ರೆ ತಯಾರಿಸುವ ಸಾಧಾರಣ ಸ್ಟೀಲ್ ಕರಗುವಾಗ ಅದರಲ್ಲಿನ ಕ್ರೋಮಿಯಂ ವಿಷಕಾರಿ ರೂಪದಲ್ಲಿ ನೀರಿಗೆ ಸೇರಬಹುದು. ಆ ನೀರನ್ನು ಅವನು ತೆಂಗಿನ ಬುಡಕ್ಕೆ ಚೆಲ್ಲುತ್ತಿದ್ದ. ಮೊದಲು ಅದನ್ನು ನಿಲ್ಲಿಸಿದೆ. 316 ದರ್ಜೆಯ ಸ್ಟೀಲ್, ಡಿಸ್ಟಿಲ್ಡ್ ವಾಟರ್, ಸ್ವಲ್ಪ ಕಾಸ್ಟಿಕ್ ಪೊಟ್ಯಾಶ್ ತರಿಸಿದೆವು. ಅದು ಚರ್ಮವನ್ನೂ ಕಣ್ಣನ್ನೂ ಸುಡುವ ಕ್ಷಾರವಾದ್ದರಿಂದ ಗ್ಲೌಸ್, ಕನ್ನಡಕ ಇಲ್ಲದೆ ಮುಟ್ಟಕೂಡದೆಂದು ಹೇಳಿದೆ.

ಫ್ಯೂಸ್ ಸುಡುತ್ತಿದ್ದುದರ ಕಾರಣ ಬೇರೆ. ನೀರನ್ನು ಒಡೆಯಲು ಒಂದು ಜೋಡಿ ತಗಡಿನ ನಡುವೆ ಎರಡು ವೋಲ್ಟ್ ಇದ್ದರೆ ಸಾಕು. ಇವನು ಎಂಜಿನ್ ಓಡುವಾಗಿನ ಹದಿನಾಲ್ಕು ವೋಲ್ಟನ್ನೂ ಒಂದೇ ಜೋಡಿಗೆ ಕೊಟ್ಟಿದ್ದ. ಉಳಿದದ್ದೆಲ್ಲ ನೀರು ಕಾಯಿಸಲು ಹೋಗುತ್ತಿತ್ತು. ನೀರು ಬಿಸಿಯಾದಷ್ಟೂ ಹೆಚ್ಚು ಕರೆಂಟ್ ಎಳೆಯುತ್ತದೆ, ಕರೆಂಟ್ ಹೆಚ್ಚಿದಷ್ಟೂ ನೀರು ಬಿಸಿಯಾಗುತ್ತದೆ. ಏಳು ತಗಡುಗಳನ್ನು ಸಾಲಾಗಿ ನಿಲ್ಲಿಸಿ ಆರು ಕೋಶ ಮಾಡಿದ ಮೇಲೆ ಕರೆಂಟ್ ಇಪ್ಪತ್ತು ಆಂಪಿಯರ್‌ನ ಆಸುಪಾಸಿನಲ್ಲಿ ನಿಂತಿತು.

ಮೂರನೆಯದು ಅಪಾಯದ ವಿಷಯ. ಎಂಜಿನ್ ನಿಲ್ಲಿಸಿದರೂ ಯಂತ್ರ ಗ್ಯಾಸ್ ಮಾಡುತ್ತಲೇ ಇತ್ತು. ಹೈಡ್ರೋಜನ್ ಮತ್ತು ಆಮ್ಲಜನಕ ಮೊದಲೇ ಬೆರೆತ ಈ ಗ್ಯಾಸಿಗೆ ಒಂದು ಕಿಡಿ ಸಾಕು, ಡಬ್ಬಿ ಬಾಂಬಾಗುತ್ತದೆ. ಎಂಜಿನ್ ಓಡುವಾಗ ಮಾತ್ರ ಕರೆಂಟ್ ಹೋಗುವಂತೆ ರಿಲೇ ಹಾಕಿದೆ. ಬೆಂಕಿ ಹಿಂದಕ್ಕೆ ಬಂದರೆ ನೀರಿನಲ್ಲೇ ಆರಲೆಂದು ಗ್ಯಾಸನ್ನು ಇನ್ನೊಂದು ನೀರಿನ ಡಬ್ಬಿಯ ಮೂಲಕ ಹಾಯಿಸಿದೆ.

ಈಗ ಯಂತ್ರ ಸರಿಯಾಯಿತು. ಬಕೆಟ್ ನೀರಿನಲ್ಲಿ ಒಂದು ಲೀಟರಿನ ಬಾಟಲಿ ಬೋರಲು ಹಾಕಿ ಅಳೆದೆವು. ಐವತ್ತು ಸೆಕೆಂಡಿನಲ್ಲಿ ತುಂಬಿತು. ಅಂದರೆ ನಿಮಿಷಕ್ಕೆ ಸುಮಾರು 1.2 ಲೀಟರ್. ಹುಡುಗ ಕುಣಿದಾಡಿದ. ನನಗೆ ಮಾತ್ರ ನಿಜವಾದ ತೊಂದರೆ ಆಗ ಕಾಣಿಸಿತು. ದೋಷಗಳಿದ್ದಷ್ಟು ದಿನ, ಅವು ಸರಿಯಾದರೆ ಮೈಲೇಜು ಬರುತ್ತದೆ ಎಂಬ ಆಸೆಗೆ ಜಾಗವಿತ್ತು. ಈಗ ಸರಿಪಡಿಸಲು ಏನೂ ಉಳಿದಿರಲಿಲ್ಲ.

ಕಾಗದದಲ್ಲಿ ಲೆಕ್ಕ ಬರೆದೆ. 796 ಸಿಸಿಯ ಓಮ್ನಿ ಎಂಜಿನ್ ಸಾಮಾನ್ಯ ಓಟದಲ್ಲಿ ನಿಮಿಷಕ್ಕೆ ಸುಮಾರು ಐನೂರು ಲೀಟರ್ ಗಾಳಿ ಎಳೆಯುತ್ತದೆ. ಅದರಲ್ಲಿ ನಮ್ಮ ಗ್ಯಾಸ್ ಲೀಟರ್ ಚಿಲ್ಲರೆ. ಇಪ್ಪತ್ತು ಆಂಪಿಯರ್, ಹದಿನಾಲ್ಕು ವೋಲ್ಟ್ ಎಂದರೆ 280 ವ್ಯಾಟ್ ಖರ್ಚು. ಹುಟ್ಟುವ ಹೈಡ್ರೋಜನ್‌ನಲ್ಲಿರುವ ಶಕ್ತಿ ಸುಮಾರು 130 ವ್ಯಾಟ್. ಎಂಜಿನ್ ಅದರಲ್ಲಿ ಕಾಲು ಭಾಗವನ್ನಷ್ಟೇ ಕೆಲಸವಾಗಿ ಹಿಂದಿರುಗಿಸುತ್ತದೆ. ಆ 280 ವ್ಯಾಟ್ ಆದರೂ ಎಲ್ಲಿಂದ ಬಂತು? ಆಲ್ಟರ್ನೇಟರ್‌ನಿಂದ. ಆಲ್ಟರ್ನೇಟರ್ ತಿರುಗುವುದು ಪೆಟ್ರೋಲಿನಿಂದ. ಬಲಗಿಸೆಯ ಹತ್ತು ರೂಪಾಯಿ ತೆಗೆದು ಎಡಗಿಸೆಗೆ ಒಂದು ರೂಪಾಯಿ ಹಾಕಿಕೊಂಡ ಹಾಗೆ.

"ಲೆಕ್ಕ ಬೇಡ ಮಾಮಾ, ನನ್ನ ಗಾಡಿ ಹದಿನಾಲ್ಕರಿಂದ ಹದಿನೇಳು ಕೊಟ್ಟಿದೆ" ಎಂದ. ಸುಳ್ಳಲ್ಲ. ಆದರೆ ಯಂತ್ರ ಇಟ್ಟ ದಿನವೇ ಪ್ಲಗ್ ಶುಚಿ ಮಾಡಿಸಿ, ಟಯರಿಗೆ ಗಾಳಿ ತುಂಬಿಸಿದ್ದ. ಮೈಲೇಜು ನೋಡಬೇಕೆಂದು ಆಕ್ಸಿಲರೇಟರ್ ಮೆಲ್ಲಗೆ ಒತ್ತಿದ್ದ. ಹಾಗಾಗಿ ಅವನೊಪ್ಪುವ ಪರೀಕ್ಷೆಯನ್ನೇ ಮಾಡಿದೆವು. ಒಂದೇ ಪಂಪಿನಲ್ಲಿ ಟ್ಯಾಂಕ್ ತುಂಬಿಸಿ, ಪುತ್ತೂರಿನಿಂದ ಮಂಗಳೂರಿಗೆ ಆರು ದಿನ ಹೋಗಿಬಂದೆವು. ಯಂತ್ರದ ಸ್ವಿಚ್ ಅವನಿಗೆ ಕಾಣದಂತೆ ನನ್ನ ಸೀಟಿನಡಿ ಇತ್ತು. ಹಾಕಿದ ಮೂರು ದಿನ ಲೀಟರಿಗೆ ಸರಾಸರಿ 14.1 ಕಿಲೋಮೀಟರ್. ಆರಿಸಿದ ಮೂರು ದಿನ 14.3.

ಅವನು ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ ತಿಳಿಯಿತು, ಸ್ಟ್ಯಾಂಡಿನ ನಾಲ್ವರು ಚಾಲಕರು ತಮಗೂ ಮಾಡಿಕೊಡೆಂದು ತಲಾ ಎರಡು ಸಾವಿರ ಕೊಟ್ಟಿದ್ದರು. ಅರ್ಧ ಹಣ ಸಾಮಾನಿಗೆ ಖರ್ಚಾಗಿತ್ತು. ಯಂತ್ರ ಕೊಟ್ಟಿದ್ದರೆ ಅವರೂ ಮೆಲ್ಲಗೆ ಓಡಿಸುತ್ತಿದ್ದರು, ಮೈಲೇಜು ಬಂತೆಂದೇ ಹೇಳುತ್ತಿದ್ದರು. ಯಾರೂ ಕೇಳುತ್ತಿರಲಿಲ್ಲ. ಅವನು ರಾತ್ರಿ ಬಾಡಿಗೆಗಳನ್ನು ಹೆಚ್ಚು ಓಡಿಸಿ ಮೂರು ತಿಂಗಳಲ್ಲಿ ಎಲ್ಲರ ಹಣ ಹಿಂದಿರುಗಿಸಿದ. ಒಬ್ಬರು ಮಾತ್ರ, "ನೀನು ಸರಿಯಾಗಿ ನೋಡಿರಲಿಕ್ಕಿಲ್ಲ ಮಾರಾಯ, ನನ್ನದಕ್ಕೆ ಇಟ್ಟು ಕೊಡು" ಎಂದು ಹಣ ತೆಗೆದುಕೊಳ್ಳಲು ವಾರಗಟ್ಟಲೆ ಒಪ್ಪಲಿಲ್ಲ.

ಹೈಡ್ರೋಜನ್ ವಾಹನ ಸುಳ್ಳೇ ಎಂದು ಈಗ ಕೆಲವರು ಕೇಳುತ್ತಾರೆ. ಸುಳ್ಳಲ್ಲ. 2022ರ ಮಾರ್ಚ್‌ನಲ್ಲಿ ಸಚಿವ ನಿತಿನ್ ಗಡ್ಕರಿ ಹೈಡ್ರೋಜನ್ ಕಾರಿನಲ್ಲಿ ಸಂಸತ್ತಿಗೆ ಬಂದರು. 2023ರ ಜನವರಿಯಲ್ಲಿ ಕೇಂದ್ರ ಸರಕಾರ 19,744 ಕೋಟಿ ರೂಪಾಯಿಯ ಹಸಿರು ಹೈಡ್ರೋಜನ್ ಯೋಜನೆಗೆ ಒಪ್ಪಿಗೆ ನೀಡಿತು. ಆದರೆ ಅಲ್ಲಿ ಹೈಡ್ರೋಜನನ್ನು ಬಿಸಿಲು, ಗಾಳಿಯಿಂದ ಪಡೆದ ವಿದ್ಯುತ್ತಿನಲ್ಲಿ ಹೊರಗೆ ತಯಾರಿಸಿ ವಾಹನಕ್ಕೆ ತುಂಬಿಸುತ್ತಾರೆ. ಕಾರಿನ ಹಿಂದಿನ ಕೊಳವೆಯಿಂದ ಹೊರಬೀಳುವುದು ನೀರು. ನೀರೆಂದರೆ ಹೈಡ್ರೋಜನ್ ಉರಿದು ಉಳಿದ ಬೂದಿ. ಬೂದಿಯನ್ನು ಮತ್ತೆ ಒಲೆಗೆ ಹಾಕಿದರೆ ಅನ್ನ ಬೇಯುವುದಿಲ್ಲ.

ನಿಮ್ಮ ಮನೆಯ ಹುಡುಗನೂ ಇಂಥದ್ದೊಂದು ಡಬ್ಬಿ ಕಟ್ಟಿ ತಂದರೆ ದಯವಿಟ್ಟು ನಗಬೇಡಿ. ಬೆಂಕಿಯಿಂದ ದೂರ ಇರಿಸಿ, ಜೊತೆಗೆ ಕೂತು ಅಳೆಯಿರಿ. ಡಬ್ಬಿ ಕಟ್ಟುವುದು ಜಾಣತನ. ಅಳತೆ ಹೇಳಿದ್ದನ್ನು ಕೇಳಿ, ಪಡೆದ ಹಣ ಮರಳಿಸುವುದು ಅದಕ್ಕಿಂತ ದೊಡ್ಡದು.